ದೌಲತರಾಯರಿಗೆ ಹುಚ್ಚು ಹಿಡಿದಿಲ್ಲ

ಆಳಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದೌಲತರಾಯರದು ಭಾಂಡೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರ, ಯಾವ ಪಾತ್ರೆ ಬೇಕಾದರೂ ಅಲ್ಲಿ ಸಿಗುತ್ತದೆ. ಸಿಗದಿರುವುದು ಶಾಂತಿ ಒಂದೇ. ಭಾಂಡೆಯನ್ನು ಕಣ್ಣಿನಿಂದ ನೋಡಿ ಕೊಳ್ಳುವವನು ಮೂರ್ಖ, ಕಿವಿಯಿಂದ ಕೇಳಿ ಕೊಳ್ಳುವವನು ಶಾಣ್ಯಾ ಎಂಬುದು ದೌಲತರಾಯರ ಸಿದ್ಧಾಂತ. ಗಿರಾಕಿ ಕೊಡ ಕೇಳಿದರೆ ಅವರು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನ ಗೆಣ್ಣಿನಿಂದ ಠಣ್ಣೆಂದು ಬಾರಿಸುತ್ತಾರೆ. ಗಿರಾಕಿಯೂ ಬಾರಿಸುತ್ತಾನೆ. ಆಮೇಲೆ ಇಬ್ಬರೂ ಚೌಕಾಶಿಗೆ ಇಳಿಯುತ್ತಾರೆ. ಅದು ವ್ಯಾಪಾರವೋ ಜಗಳವೋ ಹೊಸಬರಿಗೆ ತಿಳಿಯುವುದಿಲ್ಲ. ಹಳಬರಿಗೂ ತಿಳಿಯುವುದಿಲ್ಲ, ಆದರೆ ಅವರು ಅದಕ್ಕೆಂದೇ ಬರುತ್ತಾರೆ.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿರುವಾಗ ಕಟ್ಟಡದ ಮಾಲೀಕರು ಸೊಲ್ಲಾಪುರದಲ್ಲಿ ಕೂತುಕೊಂಡೇ, ಕೆಳಗಿನವರನ್ನು ಒಂದು ಮಾತೂ ಕೇಳದೆ, ಮೇಲಿನ ಮಾಳಿಗೆಯನ್ನು ಮೆಹನಾಜ ಮೇಡಂಗೆ ಬಾಡಿಗೆಗೆ ಕೊಟ್ಟರು. ಮೇಡಂ ಆಳಂದದವರೇ. ಕಲಬುರಗಿಯಲ್ಲೂ ಹೈದರಾಬಾದಿನಲ್ಲೂ ಓದಿ, ಸ್ವಂತ ಊರಿನಲ್ಲಿ ಸ್ವಂತ ಕೆಲಸ ಮಾಡುತ್ತೇನೆಂದು ತಿರುಗಿ ಬಂದಿದ್ದರು. ಮೆಟ್ಟಿಲ ಪಕ್ಕದಲ್ಲಿ ಬೋರ್ಡು ಬಂತು: ‘ಮನಶ್ಶಾಸ್ತ್ರಜ್ಞೆ, ಆಪ್ತ ಸಮಾಲೋಚನೆ.’

ದೌಲತರಾಯರು ಮೊದಲ ದಿನವೇ ವಿಚಾರಣೆ ನಡೆಸಿದ್ದರು.

"ಮೇಡಂ, ನೀವು ಇಂಜೆಕ್ಷನ್ ಮಾಡ್ತೀರಿ?"

"ಇಲ್ರಿ."

"ಗುಳಿಗಿ ಕೊಡ್ತೀರಿ?"

"ಅದೂ ಇಲ್ರಿ. ಗುಳಿಗಿ ಬೇಕಾದೋರನ್ನ ಅದರ ಡಾಕ್ಟರ್ ಹತ್ರ ಕಳಸ್ತೇನಿ. ನಂದು ಬಂದೋರ ಸಂಗಟ ಮಾತಾಡೋ ಕೆಲಸ. ಹೆಚ್ಚಾಗಿ ಕೇಳೋ ಕೆಲಸ."

"ಬರೇ ಕೇಳೋದು?" ದೌಲತರಾಯರಿಗೆ ನಗು ತಡೆಯಲಿಲ್ಲ. "ಬಿಟ್ಟಿ ಕೇಳೋ ಮಂದಿ ಊರತುಂಬ ಅದಾರಲ್ರಿ. ನಿಮ್ಮ ಹತ್ರ ಯಾರ ಬರ್ತಾರ?"

"ಅವರು ಕೇಳಿ ಸುಮ್ನ ಇರಂಗಿಲ್ಲಲ್ರಿ," ಎಂದು ಮೇಡಂ ಮೆಟ್ಟಿಲು ಹತ್ತಿ ಹೋದರು.

ಈ ಉತ್ತರದಲ್ಲಿ ತಮಗೇನೋ ಚುಚ್ಚಿದಂತಾಯಿತೆಂದು ದೌಲತರಾಯರಿಗೆ ಅನಿಸಿತು. ಎಲ್ಲಿ ಚುಚ್ಚಿತೆಂದು ಹುಡುಕಿದರೂ ಸಿಗಲಿಲ್ಲ. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಕೆಲವು ತಿಂಗಳು ಕಳೆದ ಮೇಲೆ ಮೇಡಂ ಒಂದು ಮುಂಜಾನೆ ಅಂಗಡಿಗೇ ಬಂದು ಕೈಮುಗಿದರು. "ಸಾವಕಾರ್ರೆ, ಒಂದು ವಿನಂತಿ. ಮಧ್ಯಾಹ್ನದ ಮ್ಯಾಲ ನನ್ನ ಹತ್ರ ಮಂದಿ ಬರ್ತಾರ. ಬಾಯಿ ಬಿಚ್ಚಿ ಮಾತಾಡೂದೇ ಅವರಿಗೆ ಕಷ್ಟ. ಮಾತು ತುಟಿ ತನಕ ಬಂದಿರ್ತದ, ಕೆಳಗ ನಿಮ್ಮ ಕೊಡ ಠಣ್ ಅಂತದ, ಮಾತು ಒಳಗ ಹೋಗಿಬಿಡ್ತದ. ಆ ಹೊತ್ತಿನ್ಯಾಗ ಸಪ್ಪಳ ಜರಾ ಕಮ್ಮಿ ಮಾಡಿದ್ರ ಉಪಕಾರ ಆಗ್ತದ."

ಮೇಡಂ ಇಷ್ಟನ್ನು ಸಮಾಧಾನದಿಂದ ಹೇಳಿ ಹೋದರು. ದೌಲತರಾಯರು ಆ ಕ್ಷಣ ಏನೂ ಅನ್ನಲಿಲ್ಲ, ಏಕೆಂದರೆ ಬಾಯಲ್ಲಿ ಎಲೆ ಅಡಿಕೆ ಇತ್ತು. ಉಗುಳಿ ಬರುವಷ್ಟರಲ್ಲಿ ಎದುರಾಳಿ ಮಾಯ. ಮಧ್ಯಾಹ್ನದವರೆಗೂ ಅವರು ತಮ್ಮೊಳಗೇ ಕುದಿದರು. ಸಪ್ಪಳ ಇಲ್ಲದೆ ಭಾಂಡೆ ಮಾರುವುದು! ನಾಳೆ ಹೂಗಾರನಿಗೆ ವಾಸನೆ ಇಲ್ಲದ ಹೂವು ಮಾರು ಅನ್ನುತ್ತಾಳೆ! ಊಟ ಮುಗಿಸಿ ಬಂದು, ಶೆಟರನ್ನು ಅರ್ಧ ಇಳಿಸಿ, ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಹಲ್ಲಿನಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಮೇಲೆ ಹೊರಕೋಣೆಯಲ್ಲಿ ಯಾರೂ ಇರಲಿಲ್ಲ. ಒಳಗಿನ ಬಾಗಿಲು ಮುಚ್ಚಿತ್ತು. ಗೋಡೆಯ ಮೇಲೆ ‘ದಯವಿಟ್ಟು ಕೂಡಿರಿ, ಕರೆಯುತ್ತೇವೆ’ ಎಂದು ಬರೆದಿತ್ತು. ಜಗಳಕ್ಕೆ ಬಂದವನು ಕೂಡಬಾರದು, ಇದು ನಿಯಮ. ಆದರೆ ಅಲ್ಲಿ ಮೆತ್ತನೆಯ ಕುರ್ಚಿ ಇತ್ತು, ಮೇಲೆ ಫ್ಯಾನು ಸಾವಕಾಶ ತಿರುಗುತ್ತಿತ್ತು, ಹೊಟ್ಟೆಯಲ್ಲಿ ಸಜ್ಜಿ ರೊಟ್ಟಿ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆಗ ಕೆಳಗೆ ಭಾಂಡೆ ಬಾರಿಸುವವರು ಯಾರೂ ಇರಲಿಲ್ಲ.

ದೌಲತರಾಯರು ಕೂತರು. ಕೂತವರು ನಿದ್ದೆ ಹೋದರು.

ಎಚ್ಚರವಾದಾಗ ಎದುರಿಗೆ ಮೇಡಂ ನೀರಿನ ಲೋಟ ಹಿಡಿದು ನಿಂತಿದ್ದರು. "ಗಾಢ ನಿದ್ದಿ ಹತ್ತಿತ್ತು, ಎಬ್ಬಸ್ಲಿಲ್ಲ. ಬರ್ರಿ, ಒಳಗ ಕೂತು ಮಾತಾಡೂಣು."

ದೌಲತರಾಯರು ತಾವು ತಂದಿದ್ದ ಸಿಟ್ಟನ್ನು ಹುಡುಕಿದರು. ಸಿಗಲಿಲ್ಲ. "ಏನಿಲ್ರಿ… ಸುಮ್ನ… ಗೋಡಿ ನೋಡಾಕ ಬಂದಿದ್ದೆ," ಎಂದು ತೊದಲಿ, ನೀರು ಕುಡಿದು, ಆಕಳಿಸುತ್ತ ಮೆಟ್ಟಿಲಿಳಿದರು. ಕೂದಲು ಕೆದರಿತ್ತು. ಅಂಗಿ ಮುದುಡಿತ್ತು. ಆಕಳಿಕೆಯಿಂದ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಟಾವೆಲ್ಲಿನಿಂದ ಒರೆಸಿಕೊಳ್ಳುತ್ತಿದ್ದರು.

ಎದುರಿಗೆ ಮ್ಯಾಚಿಂಗ್ ಸೆಂಟರಿನ ಸುಲಭಾಬಾಯಿ ಬ್ಲೌಸ್ ಪೀಸು ಅಳೆಯುವುದನ್ನು ನಿಲ್ಲಿಸಿ ಇದನ್ನು ನೋಡಿದರು. ಸುಲಭಾಬಾಯಿಯ ಅಂಗಡಿಯಲ್ಲಿ ಬಣ್ಣಕ್ಕೆ ಬಣ್ಣ ಕೂಡಿಸಿ ಕೊಡುತ್ತಾರೆ. ವಿಷಯಕ್ಕೆ ವಿಷಯ ಕೂಡಿಸುವುದೂ ಅವರಿಗೆ ಕಷ್ಟವಲ್ಲ.

"ಭಾವು, ಆರಾಮ ಅದೀರಲ್ಲ?" ಎಂದು ಅವರು ಬಹಳ ಮೆತ್ತಗೆ ಕೇಳಿದರು.

"ನನಗೇನಾಗ್ಯಾದ?" ಎಂದು ದೌಲತರಾಯರು ಶೆಟರು ಎತ್ತಿದರು.

ಮರುದಿನ ಮುಂಜಾನೆ ಭೂಸನೂರಿನ ಗೌಡಸಾನಿ ಬಂದರು. ಈ ಗೌಡಸಾನಿಯೊಂದಿಗೆ ಚೌಕಾಶಿ ಎಂದರೆ ದೌಲತರಾಯರಿಗೆ ಹಬ್ಬ. ಒಮ್ಮೆ ಒಂದು ತಂಬಿಗೆಯ ಮೇಲೆ ಇಬ್ಬರೂ ಜಗಳಾಡಿ, ಊಟಕ್ಕೆ ಹೋಗಿ, ತಿರುಗಿ ಬಂದು ಮುಂದುವರಿಸಿದ್ದುಂಟು. ಈ ಸಲ ಗೌಡಸಾನಿ ಅಂಗಡಿಯ ಅಂಚಿನಲ್ಲೇ ನಿಂತು, ಹಿಟ್ಟು ನಾದುವ ಪರಾತ ಬೇಕೆಂದರು. ದೌಲತರಾಯರು ಪರಾತ ಎತ್ತಿ ಹಿಡಿದರು.

"ಬಾರಿಸಿ ನೋಡ್ರಿ ಗೌಡಸಾನೇರ."

"ಬ್ಯಾಡ್ರಿ. ಛಲೋನೇ ಇರ್ತದ."

ದೌಲತರಾಯರು ಬೆಲೆ ಹೇಳಿದರು. "ಆಗ್ಲಿ ಸಾವಕಾರ್ರೆ," ಎಂದರು ಗೌಡಸಾನಿ.

ದೌಲತರಾಯರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಕೇಳಿಸಿಲ್ಲವೇನೋ ಎಂದು ಬೆಲೆ ಏರಿಸಿ ಹೇಳಿದರು.

"ಅದೂ ಆಗ್ಲಿ ಸಾವಕಾರ್ರೆ. ನೀವು ಹೇಳಿದಂಗ."

ಇನ್ನೂ ಏರಿಸಿದರು. ಗೌಡಸಾನಿ ಅದಕ್ಕೂ ತಲೆದೂಗಿದರು. ದೌಲತರಾಯರ ಮೈ ಉರಿದುಹೋಯಿತು. ಒಬ್ಬ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದು? "ಏನಾಗ್ಯಾದ್ರಿ ನಿಮಗ?" ಎಂದು ಅವರು ಪರಾತವನ್ನು ನೆಲಕ್ಕೆ ಧಡಾರನೆ ಹಾಕಿದರು. "ಬಾಯಿ ಇಲ್ಲೇನು? ಬೈರಿ ನನಗ! ಲೂಟಿ ಮಾಡಾಕತ್ತೀರಿ ಅಂತ ಬೈರಿ!"

ಗೌಡಸಾನಿ ಬೆನ್ನು ತಿರುಗಿಸದೆ, ಹಿಂದೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಓಣಿಗಿಳಿದು, ಸುಲಭಾಬಾಯಿಯ ಅಂಗಡಿ ಸೇರಿಕೊಂಡರು.

ಹಿಂದೆಯೇ ಹೋದ ದೌಲತರಾಯರಿಗೆ ಸುಲಭಾಬಾಯಿ ವಿಷಯ ಬಿಡಿಸಿ ಹೇಳಿದರು. "ಭಾವು, ಸಿಟ್ಟ ಆಗಬ್ಯಾಡ್ರಿ. ತಲಿಗೆ ತ್ರಾಸ ಎಲ್ಲಾರಿಗೂ ಬರ್ತದ. ಹಗಲ ಹೊತ್ತಿನ್ಯಾಗ ಶೆಟರ್ ಇಳಿಸಿ ಮ್ಯಾಲ ಹೋಗಿ, ಅಷ್ಟೊತ್ತು ಕೂತು, ಅಳಕೋತ ಬಂದ್ರಿ. ನಾ ಯಾರಿಗೂ ಹೇಳಿಲ್ಲ. ಬರೇ ನಮ್ಮ ಓಣ್ಯಾಗ ಹೇಳೇನಿ, ನಿಮ್ಮನ್ನ ಸಂಭಾಳಸ್ಲಿ ಅಂತ."

"ನಾ ಅತ್ತಿಲ್ರಿ! ನಿದ್ದಿ ಹತ್ತಿತ್ತು!"

"ಹೌದ್ರಿ ಭಾವು, ಹೌದ್ರಿ," ಎಂದು ಸುಲಭಾಬಾಯಿ ಕತ್ತರಿಯನ್ನು ಮೆಲ್ಲಗೆ ಗಲ್ಲಾಪೆಟ್ಟಿಗೆಯ ಕೆಳಗೆ ಸರಿಸಿದರು.

ಆಗ ದೌಲತರಾಯರು ಒಂದು ದೊಡ್ಡ ತಪ್ಪು ಮಾಡಿದರು. ಓಣಿಯ ನಡುವೆ, ಮೆಟ್ಟಿಲ ಮುಂದೆ ನಿಂತು, ಎರಡೂ ಕೈ ಎತ್ತಿ ಘೋಷಿಸಿದರು: "ಎಲ್ಲಾರೂ ಕೇಳ್ರಿ! ನನಗ ಹುಚ್ಚ ಹಿಡದಿಲ್ಲ! ಹುಚ್ಚರು ಈ ಮೆಟ್ಟಲಾ ಹತ್ತೋರು, ನಾ ಅಲ್ಲ!"

ಹುಚ್ಚಿಲ್ಲದವನು ಹುಚ್ಚಿಲ್ಲವೆಂದು ಕೂಗುವುದಿಲ್ಲ ಎಂಬುದು ಆಳಂದದ ತರ್ಕ. ಅದರಲ್ಲಿ ದೋಷ ಹುಡುಕುವುದು ಕಷ್ಟ. ಆ ಹೊತ್ತಿಗೆ ಸೆರಗನ್ನು ಮುಖದ ತನಕ ಎಳೆದುಕೊಂಡು ಮೆಟ್ಟಿಲಿನ ಅರ್ಧಕ್ಕೆ ಹೋಗಿದ್ದ ಒಬ್ಬ ಹೆಂಗಸು ಹಾಗೇ ನಿಂತಳು, ತಿರುಗಿದಳು, ಗೋಡೆ ಹಿಡಿದು ಇಳಿದು ಗುಂಪಿನಲ್ಲಿ ಕರಗಿದಳು. ದೌಲತರಾಯರು ಅದನ್ನು ನೋಡಲಿಲ್ಲ. ಮೇಲೆ ಬಾಗಿಲಲ್ಲಿ ನಿಂತಿದ್ದ ಮೆಹನಾಜ ಮೇಡಂ ನೋಡಿದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದು ಕಟ್ಟೆಯ ಮೇಲೆ ಕೂತಿತ್ತು. ಹೆಂಡತಿ ಗುರುಶಾಂತಮ್ಮ ಮುಖ ಬಿಳಿಚಿಕೊಂಡು ಕೇಳಿದರು: "ಮ್ಯಾಲ ಹೋಗಿದ್ರ್ಯಾ? ಆ ಮೇಡಂ ಏನ ಅಂದ್ರು? ನಿಮಗ ಏನರ ಹೇಳಿದ್ರೇನು?"

"ಏನ ಹೇಳ್ತಾಳ? ನೀರ ಕೊಟ್ಲು! ನೀನೂ ನನ್ನ ಹುಚ್ಚ ಅಂತೀ?"

ಗುರುಶಾಂತಮ್ಮ ಉಸಿರು ಬಿಟ್ಟರು. ಮಗಳು ಭುವನೇಶ್ವರಿ ಕೈಯಲ್ಲಿದ್ದ ರೊಟ್ಟಿ ತುಣುಕನ್ನು ತಾಟಿನಲ್ಲೇ ಬಿಟ್ಟು ಎದ್ದು ಒಳಗೆ ಹೋದಳು. ಅವಳು ನರೋಣಾ ಶಾಲೆಯಲ್ಲಿ ಮಾಸ್ತರಿಣಿ. ಸಂಬಳ ತರುವ ಇವಳಾದರೂ ಅಪ್ಪನ ಪಕ್ಷ ಹಿಡಿಯಬಾರದೇ ಎಂದು ದೌಲತರಾಯರಿಗೆ ಮತ್ತೂ ಸಂಕಟವಾಯಿತು.

ಅಫಜಲಪುರದಿಂದ ಹೆಂಡತಿಯ ತಮ್ಮ ಸಂಜುಕುಮಾರ ಮೊದಲ ಬಸ್ಸಿಗೇ ಬಂದಿಳಿದ. ಕಿವಿ ಕೇಳದವರಿಗೂ ತಲೆ ಕೆಟ್ಟವರಿಗೂ ಒಂದೇ ಔಷಧ ಎಂದು ಅವನ ತಿಳಿವಳಿಕೆ. ಆದ್ದರಿಂದ ಒಂದೊಂದು ಶಬ್ದವನ್ನೂ ಬಿಡಿಸಿ, ಗಟ್ಟಿಯಾಗಿ ಹೇಳಿದ.

"ಮಾಮಾ! ನಾ! ಸಂಜು! ಗುರ್ತ ಹತ್ತಿತೇನ್ರಿ?"

"ಗುರ್ತ ಹತ್ತದೇ ಏನಲೇ? ಹ್ವಾದ ವಾರ ನಮ್ಮ ಮನ್ಯಾಗ ಹೋಳಿಗಿ ತಿಂದು ಹೋಗೀದಿ!"

"ಅಕ್ಕಾ, ಹಳೇದೆಲ್ಲ ನೆನಪದ," ಎಂದು ಸಂಜುಕುಮಾರ ಸಮಾಧಾನಪಟ್ಟು, ಅಡುಗೆಮನೆಗೆ ಹೋಗಿ ಈಳಿಗೆಯನ್ನು ಕಪಾಟಿನ ಮೇಲಿಟ್ಟು ಬಂದ. ಆಮೇಲೆ ಮಾಮನ ಭುಜ ಸವರುತ್ತ ಹೇಳಿದ: "ನಮ್ಮ ಕಡೆ ಬರ್ರಿ ಮಾಮಾ. ಗಾಣಗಾಪುರ ನಮಗ ಹತ್ರನೇ ಅದ. ಸಂಗಮದಾಗ ಒಂದು ಮುಳುಗು ಹಾಕಸ್ತೇನಿ. ಎಂಥೆಂಥಾವ್ರೂ ಆರಾಮ ಆಗ್ಯಾರ."

"ನಿನ್ನ ಮುಳುಗಸ್ತೇನಿ ನೋಡ ಮೊದಲ!"

"ಅಕ್ಕಾ, ಸಿಟ್ಟ ಭಾಳ ಅದ," ಎಂದ ಸಂಜುಕುಮಾರ.

ಇದೆಲ್ಲ ಮನೆಯೊಳಗಿನ ಮಾತಾಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಅಂದು ಸಂಜೆ ಜೇವರ್ಗಿಯಿಂದ ಅಣವೀರಪ್ಪನವರ ಫೋನು ಬಂತು. ಅವರ ಮಗ ಸಂತೋಷಕುಮಾರ ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟು. ಅವನಿಗೂ ಭುವನೇಶ್ವರಿಗೂ ಮಾತು ಮುಗಿದು, ನಿಶ್ಚಿತಾರ್ಥದ ದಿನ ಹಿಡಿಯುವುದಷ್ಟೇ ಬಾಕಿ ಇತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು.

"ತಪ್ಪ ತಿಳಕೋಬ್ಯಾಡ್ರಿ ದೌಲತರಾಯರ," ಎಂದರು ಅಣವೀರಪ್ಪ. "ನೀವು ತಲಿ ಡಾಕ್ಟರ್ ಹತ್ರ ಹೋಗ್ತೀರಂತ ಜೇವರ್ಗಿ ತನಕ ಸುದ್ದಿ ಅದ. ಅದು ರಕ್ತದಾಗ ಇಳಿತದಂತ. ನಾಳೆ ಮೊಮ್ಮಕ್ಕಳ ಪ್ರಶ್ನಿ. ರವಿವಾರ ನಾವು ಬರ್ತೇವಿ. ಆ ಡಾಕ್ಟರಮ್ಮ ತನ್ನ ಬಾಯಿಲೆ, ಇವರು ನನ್ನ ಪೇಷಂಟ್ ಅಲ್ಲ ಅಂತ ಒಂದು ಮಾತು ಅಂದ್ರ ಸಾಕು, ಆಮ್ಯಾಲ ಮುಂದಿನ ಮಾತು."

ಇಷ್ಟು ಸಣ್ಣ ಕೆಲಸವೇ ಎಂದು ದೌಲತರಾಯರು ಸಂಜುಕುಮಾರನನ್ನು ಸಾಕ್ಷಿಗೆ ಕರೆದುಕೊಂಡು ಮರುದಿನ ಮಾಳಿಗೆ ಹತ್ತಿದರು.

"ಮೇಡಂ, ರವಿವಾರ ನಮ್ಮ ಬೀಗರು ಬರ್ತಾರ. ನಾ ನಿಮ್ಮ ಪೇಷಂಟ್ ಅಲ್ಲ ಅಂತ ಅವರ ಮುಂದ ಹೇಳಬೇಕು."

"ಅದು ನನ್ನಿಂದ ಆಗಂಗಿಲ್ರಿ."

ಸಂಜುಕುಮಾರ ಮಾಮನ ಕಡೆ ಮರುಕದಿಂದ ನೋಡಿದ.

"ಯಾಕ ಆಗಂಗಿಲ್ಲ? ನಾ ನಿಮ್ಮ ಪೇಷಂಟ್ ಏನು?"

"ನನ್ನ ಹತ್ರ ಯಾರ ಬರ್ತಾರ, ಯಾರ ಬರಂಗಿಲ್ಲ ಅಂತ ನಾ ಯಾರ ಮುಂದೂ ಹೇಳಂಗಿಲ್ರಿ. ಬಂದೋರ ಬಗ್ಗೆನೂ ಇಲ್ಲ, ಬರದೋರ ಬಗ್ಗೆನೂ ಇಲ್ಲ."

"ಬರದೋರ ಬಗ್ಗೆ ಹೇಳಾಕ ಏನ ಧಾಡಿ?"

"ಇವತ್ತ ನಿಮ್ಮ ಬಗ್ಗೆ ಇಲ್ಲ ಅಂತೇನಿ. ನಾಳೆ ಇನ್ನೊಬ್ಬರು ಬಂದು ಕೇಳ್ತಾರ, ಅವರಿಗೂ ಇಲ್ಲ ಅಂತೇನಿ. ನಾಡದ ಮೂರನೇದೋರ ಬಗ್ಗೆ ಕೇಳಿದಾಗ ಸುಮ್ನ ಕೂತ್ರ? ಹಂಗಾರ ಅವರು ಬರ್ತಾರ ಅಂತ ಊರಿಗೆ ತಿಳಿದುಹೋತಲ್ರಿ."

ಇದು ಎಷ್ಟು ಸರಿಯಾದ ಮಾತೆಂದರೆ ದೌಲತರಾಯರಿಗೆ ಅದನ್ನು ಕೇಳಿ ರಕ್ತ ಕುದಿಯಿತು. "ಆವತ್ತ ನಾ ಇಲ್ಲಿ ಬಂದದ್ದು ನಿಮ್ಮ ಸಂಗಟ ಜಗಳಾಡಾಕ! ಅದನ್ನರ ಹೇಳ್ರಿ!"

"ಅದೂ ಹೇಳಂಗಿಲ್ರಿ."

"ನನ್ನ ಇಜ್ಜತ್ ಹೋಗಾಕತ್ತದ! ನನ್ನ ಮಗಳ ಮದಿವಿ ಮುರಿಯಾಕತ್ತದ!"

ಮಗಳು ಎಂದಾಗ ಮೇಡಂ ಕಣ್ಣು ಒಂದು ಕ್ಷಣ ಕೆಳಗಿಳಿಯಿತು. ಆಮೇಲೆ ಅವರಿಗೂ ಸಿಟ್ಟು ಬಂತು. ಕೇಳುವುದೇ ಕಸುಬಾದವರಿಗೆ ಬರುವ ಸಿಟ್ಟು ಬಹಳ ದಿನದ್ದಾಗಿರುತ್ತದೆ.

"ಸಾವಕಾರ್ರೆ, ಹಲ್ಲ ನೂವಾದ್ರ ಹಲ್ಲಿನ ಡಾಕ್ಟರ್ ಹತ್ರ ಹೋಗ್ತೀರಿ. ಯಾರ ಮದಿವಿನೂ ಮುರಿಯಂಗಿಲ್ಲ. ಮೊಣಕಾಲ ನೂವಾದ್ರ ಊರೆಲ್ಲ ಹೇಳಕೋತ ತಿರಗ್ತೀರಿ. ಇಲ್ಲಿ ಒಬ್ಬಾಕಿ ಬರಬೇಕು ಅಂದ್ರ ಎಷ್ಟು ದಿನಾ ಧೈರ್ಯಾ ಕೂಡಸ್ತಾಳ ಗೊತ್ತದ ಏನ್ರಿ? ಮೊನ್ನೆ ನೀವು ಕೆಳಗ ನಿಂತು ಒದರಿದ್ರಲ್ಲ, ಆಗ ನಡು ಮೆಟ್ಟಲಿಂದ ಒಬ್ಬಾಕಿ ತಿರುಗಿ ಹ್ವಾದ್ಲು. ಮತ್ತ ಬಂದಿಲ್ಲ. ನಿಮ್ಮ ಇಜ್ಜತ್ ನೀವು ಒದರಿ ಉಳಸ್ಕೋತೀರಿ. ಆಕಿ ಏನ ಮಾಡ್ಬೇಕು?"

ಉತ್ತರ ಹೊಳೆಯದಾಗ ಗಂಡಸರು ಮಾಡುವುದನ್ನೇ ದೌಲತರಾಯರು ಮಾಡಿದರು: ಬಾಗಿಲು ಧಡ್ ಎನ್ನಿಸಿ ಇಳಿದು ಹೋದರು.

ರವಿವಾರ ಅಣವೀರಪ್ಪ, ಅವರ ಹೆಂಡತಿ ಬಸವೇಶ್ವರಿ ಮತ್ತು ಸಂತೋಷಕುಮಾರ ಬಂದು ಗಾದಿಯ ಮೇಲೆ ಕೂತರು. ಗುರುಶಾಂತಮ್ಮ ಸುಸಲಾ, ಮಿರ್ಚಿ ಭಜಿ ತಂದಿಟ್ಟರು. ಅಣವೀರಪ್ಪ ಭಜಿ ಮುಟ್ಟಲಿಲ್ಲ. ಭಜಿ ಮುಟ್ಟದ ಬೀಗರು ಎಂದರೆ ಪ್ರಕರಣ ಗಂಭೀರ.

"ಡಾಕ್ಟರಮ್ಮ ಎಲ್ರಿ?"

"ಆಕಿ ಬಾಯಿ ಬಿಡಾಕ ತಯಾರಿಲ್ರಿ ಬೀಗರ. ಖರೇ ಸಂಗತಿ ನಾನೇ ಹೇಳ್ತೇನಿ. ನಾ ಜಗಳಾಡಾಕ ಹೋಗಿದ್ದೆ. ನಿದ್ದಿ ಹತ್ತಿತು."

ಅಣವೀರಪ್ಪ ಹೆಂಡತಿಯ ಮುಖ ನೋಡಿದರು. "ಜಗಳಾಡಾಕ ಹೋಗಿ ನಿದ್ದಿ ಹತ್ತಿತು?"

"ಹೌದ್ರಿ."

"ಕುರ್ಚಿ ಮ್ಯಾಲ?"

"ಮೆತ್ತಗಿತ್ರಿ ಕುರ್ಚಿ!"

ಲೋಕದಲ್ಲಿ ಸತ್ಯಕ್ಕೆ ಇರುವ ದೊಡ್ಡ ತೊಂದರೆ ಎಂದರೆ, ಅದು ಸುಳ್ಳಿನಷ್ಟು ನಂಬುವ ಹಾಗಿರುವುದಿಲ್ಲ. ಪರಿಸ್ಥಿತಿ ಕೈಮೀರುವುದನ್ನು ಕಂಡ ಸಂಜುಕುಮಾರ ಸಹಾಯಕ್ಕೆ ಧಾವಿಸಿದ. "ಫಿಕರ್ ಮಾಡಬ್ಯಾಡ್ರಿ ಕಾಕಾ. ಮೊದಲಿಗಿಂತ ಮಾಮಾಗ ಈಗ ಭಾಳ ಕಮ್ಮಿ ಅದ."

ಅಣವೀರಪ್ಪ ಎದ್ದು ನಿಂತರು. "ನಡೀರಿ," ಎಂದರು ಹೆಂಡತಿಗೆ.

"ಕೂಡ್ರಿ ಕಾಕಾ." ಒಳಬಾಗಿಲಲ್ಲಿ ಭುವನೇಶ್ವರಿ ನಿಂತಿದ್ದಳು. "ಅಪ್ಪ ಆ ಮೇಡಂ ಹತ್ರ ಹೋಗಿಲ್ಲ. ಅವರಿಗೆ ನಿದ್ದಿ ಹತ್ತಿದ್ದು ಖರೇ. ಅಲ್ಲಿಗೆ ಹೋಗಾಕಿ ನಾನು."

ದೌಲತರಾಯರ ಬಾಯಿ ತೆರೆದೇ ಉಳಿಯಿತು.

"ಹ್ವಾದ ವರ್ಷ ನರೋಣಾ ಹಾದ್ಯಾಗ ನಮ್ಮ ಬಸ್ಸು ಕಬ್ಬಿನ ಟ್ರ್ಯಾಕ್ಟರ್ ತಪ್ಪಸಾಕ ಹೋಗಿ ತೆಗ್ಗಿಗೆ ಇಳೀತಲ್ಲ, ಆವತ್ತ ನನಗ ಒಂದು ಗೀರೂ ಆಗಿಲ್ಲ. ಎಲ್ಲಾರೂ ಪುಣ್ಯಾ ಮಾಡಿದ್ದಿ ಅಂದ್ರು. ಆದ್ರ ಮರುದಿನ ಬಸ್ಸು ನೋಡಿದ್ರ ಕೈಕಾಲ ತಣ್ಣಗ ಆಗಾಕತ್ವು. ಎದಿ ಒಡೀತದ ಅನಸ್ತಿತ್ತು. ಅಪ್ಪ, ‘ನನ್ನ ಮಗಳು ಸ್ಕೂಟಿ ಹೊಡೀತಾಳ’ ಅಂತ ಓಣಿ ತುಂಬ ಹೇಳ್ತಿದ್ರು. ನಾ ಬಸ್ಸ ಹತ್ತಾಕ ಆಗದಕ್ಕ ಸ್ಕೂಟಿ ಹೊಡೀತಿದ್ದೆ. ಮೇಡಂ ಹತ್ರ ಹ್ವಾದ ಮ್ಯಾಲ ಮೊದಲು ಬರೇ ಬಸ್ ಸ್ಟ್ಯಾಂಡಿನ್ಯಾಗ ನಿಂತೆ. ಆಮ್ಯಾಲ ನಿಂತ ಬಸ್ಸಿನ್ಯಾಗ ಕೂತು ಇಳಿದೆ. ಆಮ್ಯಾಲ ಒಂದು ಸ್ಟಾಪ್ ಹ್ವಾದೆ. ಈಗ ಶಾಲಿಗೆ ಬಸ್ಸಿನ್ಯಾಗೇ ಹೋಗಾಕತ್ತೇನಿ. ಇದರಾಗ ನಾಚಕೊಳ್ಳೂವಂಥಾದ್ದು ಏನದ, ನೀವೇ ಹೇಳ್ರಿ. ಒಂದು ವಾರದಿಂದ ಕೇಳಾಕತ್ತೇನಿ, ಹುಚ್ಚ, ಹುಚ್ಚ, ಹುಚ್ಚ. ಕೇಳಿ ಕೇಳಿ ಸಾಕಾಗ್ಯಾದ!"

ಅಣವೀರಪ್ಪ ಗಂಟಲು ಸರಿಮಾಡಿಕೊಂಡರು. "ಅಂದ್ರ… ಅಪ್ಪಗಲ್ಲ, ಹುಡುಗಿಗೇ ಹುಚ್ಚ ಅಂದಂಗಾತು."

"ಬೀಗರ!"

ಆ ಗರ್ಜನೆಗೆ ತಾಟಿನಲ್ಲಿದ್ದ ಭಜಿ ಹಾರಿದವೋ ಎಂಬಂತಾಯಿತು. ದೌಲತರಾಯರು ಎದ್ದಿದ್ದರು. ಇಡೀ ವಾರ ಆ ಶಬ್ದವನ್ನು ಮೆಟ್ಟಿಲಿನ ಮೇಲೆ ಕಲ್ಲಿನಂತೆ ತೂರಿದವರು ಅವರೇ. ಅದು ಯಾರಿಗೆ ಬಡಿಯುತ್ತದೆಂದು ಈಗ ಕಣ್ಣಾರೆ ಕಂಡರು. "ಆ ಶಬ್ದಾ ನನ್ನ ಮಗಳಿಗೆ ಅಂದ್ರ ಸುಮ್ನ ಇರಂಗಿಲ್ಲ! ಹೆದರಿಕಿ ಬಂತು, ಹೋಗಿ ಕಳಕೊಂಡು ಬಂದಾಳ! ನಿಮಗ ಹೆದರಿಕಿನೇ ಬಂದಿಲ್ಲೇನು? ಹೋಗ್ರಿ, ಊರಿಗೆಲ್ಲ ಹೇಳ್ರಿ! ನನ್ನ ಮಗಳು ಹೋಗ್ಯಾಳ, ನಾನೂ ಹೋಗೇನಿ! ನಾ ದೊಡ್ಡ ಪೇಷಂಟ್! ದಿನಾ ಹೋಗ್ತೇನಿ!"

"ನೋಡ್ರಿ, ಒಪ್ಕೊಂಡ್ರು," ಎಂದ ಸಂಜುಕುಮಾರ.

"ಅಪ್ಪಾ, ನೀವು ಕೂಡ್ರಿ," ಎಂದು ಸಂತೋಷಕುಮಾರ ತನ್ನ ತಂದೆಯ ತೋಳು ಹಿಡಿದ. ಇಷ್ಟು ಹೊತ್ತು ಅವನೊಬ್ಬನೇ ಭಜಿ ತಿನ್ನುತ್ತಿದ್ದ. "ನನಗ ಇದೆಲ್ಲ ಗೊತ್ತದ. ಮಾತುಕತಿ ಆಗೂಕಿಂತ ಮೊದಲೇ ಆಕಿ ಹೇಳ್ಯಾಳ. ಆಕಿ ಮೊದಲನೇ ಸಲ ನರೋಣಾ ತನಕ ಬಸ್ಸಿನ್ಯಾಗ ಹ್ವಾದಾಗ ಹಿಂದಿನ ಸೀಟಿನ್ಯಾಗ ನಾನೂ ಇದ್ದೆ."

ಅಣವೀರಪ್ಪನವರ ಕಣ್ಣು ದೊಡ್ಡದಾಯಿತು. "ನಿನಗ ಗೊತ್ತಿತ್ತು? ಮತ್ತ ನನಗ ಹೇಳಿಲ್ಲ?" ಹೆಂಡತಿಯ ಕಡೆ ತಿರುಗಿದರು. "ನಿನಗ?"

"ಅವ ನನಗ ಹೇಳಿದ್ದ," ಎಂದು ಬಸವೇಶ್ವರಿ ಸೆರಗು ಸರಿಪಡಿಸಿಕೊಂಡರು.

ದೌಲತರಾಯರು ಗುರುಶಾಂತಮ್ಮನ ಕಡೆ ತಿರುಗಿದರು. "ನಿನಗೂ ಗೊತ್ತಿತ್ತೇನು?"

"ಮೊದಲನೇ ದಿನಾ ಕರಕೊಂಡು ಹೋಗಿದ್ದೇ ನಾನು. ರವಿವಾರ ನೀವು ಉಂಡು ಮಲಗಿದ ಹೊತ್ತು ನೋಡಿ ಹೋಗತಿದ್ವಿ."

"ನನಗ್ಯಾಕ ಹೇಳಿಲ್ಲ?"

"ಹೇಳಿದ್ರ ನೀವೇನ ಅಂತಿದ್ರಿ?"

ದೌಲತರಾಯರು ಪ್ರಾಮಾಣಿಕ ಮನುಷ್ಯ. ತಾವೇನು ಅನ್ನುತ್ತಿದ್ದರೆಂದು ಯೋಚಿಸಿ, ಬಾಯಿ ಮುಚ್ಚಿದರು. ಬೀಗರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಿಮಗೂ ಹೇಳಿಲ್ಲ?" ಎಂದರು ಅಣವೀರಪ್ಪ.

"ಇಲ್ರಿ ಬೀಗರ. ನನ್ನ ತಲಿ ಮ್ಯಾಲೇ ನಡದದ, ನನಗ ಗೊತ್ತಿಲ್ಲ."

"ನಮ್ಮ ಮನ್ಯಾಗೂ ಹಿಂಗೇ. ಮೊನ್ನೆ ಫ್ರಿಜ್ ತಂದ್ರು, ಮನಿಗೆ ಬಂದಮ್ಯಾಲ ನನಗ ತಿಳೀತು."

"ನಾವೇನು ಮನುಷ್ಯಾರಲ್ಲೇನ್ರಿ?"

"ಕೇಳೋರು ಯಾರದಾರ?" ಎಂದು ಅಣವೀರಪ್ಪ ದೊಡ್ಡ ನಿಟ್ಟುಸಿರಿನೊಂದಿಗೆ ದೌಲತರಾಯರ ಪಕ್ಕದಲ್ಲಿ ಕೂತು, ಒಂದು ಭಜಿ ಎತ್ತಿಕೊಂಡರು. ಅನ್ಯಾಯ ಇಬ್ಬರಿಗೂ ಸಮನಾಗಿ ಆಗಿತ್ತು. ಅವರು ಅದನ್ನು ಎರಡು ತಾಟು ಭಜಿಯ ತನಕ ಚರ್ಚಿಸಿದರು. ಏಳುವ ಹೊತ್ತಿಗೆ ನಿಶ್ಚಿತಾರ್ಥದ ದಿನ ಹಿಡಿದಾಗಿತ್ತು. ಈ ಸಲ ದಿನವನ್ನು ಗಂಡಸರೇ ಮೊದಲು ಕೇಳಿಕೊಂಡರು.

ಎಲ್ಲರೂ ಹೋದ ಮೇಲೆ ದೌಲತರಾಯರು ಕಟ್ಟೆಯ ಮೇಲೆ ಒಬ್ಬರೇ ಕೂತರು. ಅಂದು ಮಾಳಿಗೆಯಲ್ಲಿ ತಾವು ನನ್ನ ಮಗಳ ಮದುವೆ ಎಂದು ಕಿರುಚಿದಾಗ, ಎದುರಿಗಿದ್ದವಳಿಗೆ ಆ ಮಗಳ ಎಲ್ಲ ಸಂಗತಿ ಗೊತ್ತಿತ್ತು. ಒಂದು ಮಾತು ಆಡಿದ್ದರೆ ತಮ್ಮ ಬಾಯಿ ಅಲ್ಲೇ ಬಂದ್ ಆಗುತ್ತಿತ್ತು. ಅವಳು ಆಡಲಿಲ್ಲ. ಬೈಸಿಕೊಂಡಳು, ಬಾಗಿಲು ಧಡ್ ಎನ್ನಿಸಿಕೊಂಡಳು, ಆಡಲಿಲ್ಲ. ತಾವು ಎಂಟು ದಿಕ್ಕಿಗೆ ಬೈದ ಆ ಮೌನ ತಮ್ಮ ಮನೆಯ ಬಾಗಿಲನ್ನೇ ಕಾಯುತ್ತಿತ್ತು.

ಮರುದಿನ ಅವರು ಮಾಳಿಗೆ ಹತ್ತಿ, ಬಾಗಿಲಲ್ಲಿ ನಿಂತು, ಕೈಮುಗಿದರು. "ಮೇಡಂ, ತಪ್ಪಾತು. ನಮ್ಮ ಭುವನೇಶ್ವರಿಗೆ ನೀವು…"

"ನಾ ಯಾರ ಬಗ್ಗೆನೂ ಮಾತಾಡಂಗಿಲ್ರಿ ಸಾವಕಾರ್ರೆ."

"ಅಲ್ರಿ, ಆಕಿನೇ ಎಲ್ಲಾರ ಮುಂದ ಹೇಳ್ಯಾಳ!"

"ಹೇಳಿರಬಹುದು. ನಾ ಹೇಳಂಗಿಲ್ಲ."

ಕ್ಷಮೆ ಕೇಳಲು ಬಂದವನಿಗೂ ಸಿಟ್ಟು ಬರಿಸಬಲ್ಲ ಹೆಂಗಸು ಎಂದು ದೌಲತರಾಯರು ಕುದಿಯುತ್ತ, ಆದರೆ ಒಂದು ಥರದ ಹೆಮ್ಮೆಯಿಂದ ಕುದಿಯುತ್ತ ಇಳಿದು ಬಂದರು. ಹೇಗಾದರೂ ಉಪಕಾರ ತೀರಿಸಬೇಕೆಂದು ಮೆಟ್ಟಿಲ ಮುಂದೆ ನಿಂತು ಕೂಗಿದರು: "ಯಾರ ಬೇಕಾದ್ರೂ ಮ್ಯಾಲ ಹೋಗ್ರಿ! ಯಾರೂ ನಾಚಕೋಬ್ಯಾಡ್ರಿ! ಹೋಗೋರಿಗೆ ಯಾರರ ಏನರ ಅಂದ್ರ ನನ್ನ ಸಂಗಟ ಅದ!"

ಮೆಟ್ಟಿಲ ಕಡೆ ಬರುತ್ತಿದ್ದ ಇಬ್ಬರು ಅಲ್ಲಿಂದಲೇ ಪರಾರಿಯಾದರು. ಮೇಡಂ ಸರಸರನೆ ಇಳಿದು ಬಂದರು. "ಸಾವಕಾರ್ರೆ, ನಿಮಗ ಕೈಮುಗೀತೇನಿ. ಏನೂ ಮಾಡಬ್ಯಾಡ್ರಿ. ಸುಮ್ನ ಇದ್ರ ಸಾಕು."

ದೌಲತರಾಯರಿಗೆ ಜೀವನದಲ್ಲಿ ಯಾರೂ ಒಪ್ಪಿಸದಷ್ಟು ಕಠಿಣ ಕೆಲಸ ಅದು. ಆದರೂ ಮಧ್ಯಾಹ್ನದ ಮೇಲೆ ಅವರು ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಮೆಟ್ಟಿಲಿಗೆ ಬೆನ್ನು ಮಾಡಿ ಕೂಡಲು ಶುರುಮಾಡಿದರು. ಕೊಡ ಬಾರಿಸುವ ಗಿರಾಕಿಗೆ, "ಮುಂಜಾನಿ ಬರ್ರಿ, ಬೇಕಾದಷ್ಟು ಬಾರಸ್ರಿ," ಎಂದರು. ನಡು ಮೆಟ್ಟಿಲಿಂದ ತಿರುಗಿ ಹೋಗಿದ್ದ ಆ ಹೆಂಗಸು ಮತ್ತೆ ಬಂದಳೋ ಇಲ್ಲವೋ ಅವರಿಗೆ ಗೊತ್ತಾಗಲಿಲ್ಲ. ಕೆಲವೊಮ್ಮೆ ಬೆನ್ನ ಹಿಂದೆ ಚಪ್ಪಲಿ ಸಪ್ಪಳ ಹತ್ತಿ ಹೋಗುತ್ತಿತ್ತು. ಅವರು ತಿರುಗಿ ನೋಡಲಿಲ್ಲ. ಕುತ್ತಿಗೆ ನೋವು ಬಂತು, ನೋಡಲಿಲ್ಲ.

ನಿಶ್ಚಿತಾರ್ಥ ಜೇವರ್ಗಿಯಲ್ಲಿ. ಸಂಜುಕುಮಾರ ಕ್ರೂಸರ್ ಗಾಡಿ ಗೊತ್ತುಮಾಡುತ್ತೇನೆಂದ. "ಬ್ಯಾಡ ಮಾಮಾ, ಬಸ್ಸಿನ್ಯಾಗ ಹೋಗೂಣು," ಎಂದಳು ಭುವನೇಶ್ವರಿ.

ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿ ಬಸ್ಸು ಹತ್ತಿದರು. ಭುವನೇಶ್ವರಿ ಕಿಟಕಿಯ ಪಕ್ಕ, ದೌಲತರಾಯರು ಅವಳ ಪಕ್ಕ. ಎರಡೂ ಕಡೆ ತೊಗರಿ ಹೊಲ. ಮಗಳಿಗೆ ಏನಾದರೂ ಆದೀತೆಂದು ಅವರು ಹಾದಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಶೇಂಗಾ ತಿನ್ನುತ್ತಿದ್ದಳು. ಭೀಮಾ ನದಿಯ ಸೇತುವೆ ಬಂತು. ಎದುರಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ, ಓಲಾಡುತ್ತ ಬಂತು.

"ಏ ಡ್ರೈವರ್ ಸಾಹೇಬ್ರೆ, ಸಾವಕಾಶ!" ಎಂದು ದೌಲತರಾಯರು ಎದ್ದು ನಿಂತು ಕಿರುಚಿದರು. "ಬಸ್ಸು ಹೊಡೀತೀರೋ ಏನು ಹೊಳಿಗೆ ಹಾಕ್ತೀರೋ?"

"ಬಂದು ನೀವೇ ಹೊಡೀರಿ ಹಂಗಾರ!" ಎಂದ ಡ್ರೈವರ್, ಅಷ್ಟೇ ಸಿಟ್ಟಿನಿಂದ.

ದೌಲತರಾಯರ ಎರಡೂ ಕೈ ಮುಂದಿನ ಸೀಟಿನ ರಾಡನ್ನು ಬಿಗಿಹಿಡಿದಿದ್ದವು, ಬಿಡಿಸಿದರೂ ಬರುತ್ತಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು.

ಭುವನೇಶ್ವರಿ ಅಪ್ಪನನ್ನು ಅಂಗಿ ಹಿಡಿದು ಕೂಡಿಸಿದಳು. ರಾಡು ಹಿಡಿದ ಕೈಯ ಮೇಲೆ ತನ್ನ ಕೈ ಇಟ್ಟಳು. "ಅಪ್ಪಾ, ನನ್ನ ಕಡೆ ನೋಡ್ರಿ. ಮೂಗಿನಿಂದ ಉಸಿರು ತೊಗೋರಿ. ಸಾವಕಾಶ. ಈಗ ಬಾಯಿಂದ ಬಿಡ್ರಿ."

"ಉಸಿರಾಡೂದು ನನಗ ಕಲಸ್ತೀ ಏನು?" ಎಂದು ದೌಲತರಾಯರು ರೇಗಿದರು. "ಹುಟ್ಟಿದಾಗಿಂದ ಆಡಾಕತ್ತೇನಿ!"

"ತಪ್ಪ ಆಡಾಕತ್ತೀರಿ. ತೊಗೋರಿ."

ಟ್ರ್ಯಾಕ್ಟರು ಬಸ್ಸಿನ ಮಗ್ಗುಲಿಗೆ ಬಂತು. ಕಬ್ಬಿನ ಗರಿ ಕಿಟಕಿಯನ್ನು ಸವರಿಕೊಂಡು ಹೋಯಿತು. ದೌಲತರಾಯರು ಮಗಳನ್ನು ದುರುಗುಟ್ಟಿ ನೋಡುತ್ತ, ಮೂಗಿನಿಂದ ದೊಡ್ಡದೊಂದು ಉಸಿರು ತೊಗೊಂಡರು.